ಅಂಗಡಿ ಬೋರ್ಡಿನ ನಂಬರೂ ನನ್ನ ಮೂವತ್ತೊಂದು ಮಂದಿ ಮನೆತನವೂ

ಕಾಳಿನ ಚೀಲದಲ್ಲಿ ಹುಳ ಬೀಳುವುದನ್ನು, ಸರಕಾರಿ ಕಾಗದದಲ್ಲಿ ಗೊಂದಲ ಬೀಳುವುದನ್ನು ಯಾರೂ ತಡೆಯಲಾರರು. ಬಿಸಿಲಿಗೆ ಹಾಕಿ, ಬೇವಿನ ಎಲೆ ಇಡಿ, ಏನೇ ಮಾಡಿ, ಒಂದು ದಿನ ಚೀಲದ ಬಾಯಿ ಬಿಚ್ಚಿದರೆ ಅದು ಅಲ್ಲೇ ಕೂತಿರುತ್ತದೆ. ಹುಬ್ಬಳ್ಳಿಯ ಈ ಬಜಾರಿನಲ್ಲಿ ಕಾಳಿನ ಅಂಗಡಿಯ ಗಾದಿ ಮೇಲೆ ಕೂತು ನನಗೆ ನಲವತ್ತು ವರ್ಷವಾಯಿತು. ಹುಳಕ್ಕೆ ಔಷಧ ಗೊತ್ತು. ಇನ್ನೊಂದಕ್ಕೆ ಇನ್ನೂ ಸಿಕ್ಕಿಲ್ಲ. ಈಗ ಹೇಳುವ ಸಂಗತಿಯನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಪ್ರತಿ ಸಲ ನಡುವೆ ಎಲ್ಲೋ ಒಂದು ಕಡೆ ಹೇಳುವವನಿಗೇ ತಿಳಿಯದಂತಾಗುತ್ತದೆ. ಬರೆದರೆ ತಿಳಿದೀತೇನೋ ನೋಡೋಣ.

೧. ತಾಜಾ ಓಟಿಪಿ

ನಮ್ಮ ಅಂಗಡಿಯ ಬೋರ್ಡು ದೊಡ್ಡದು. ಜೋಳ, ಕಡ್ಲಿ, ತೊಗರಿ, ಹೆಸರು ಅಂತ ನಾಲ್ಕು ಸಾಲು. ಅದರ ಕೆಳಗೆ ಗೇಣುದ್ದದ ಅಂಕಿಗಳಲ್ಲಿ ನನ್ನ ಮೊಬೈಲ್ ನಂಬರು. ಓಣಿಯ ಆ ಬದಿಗೆ, ಬೋರ್ಡಿಗೆ ನೇರ ಎದುರಿಗೆ, ಒಂದು ಆನ್‌ಲೈನ್ ಸೆಂಟರ್ ಇದೆ. ಪಿಂಚಣಿ, ರೇಷನ್ ಕಾರ್ಡು, ಮನೆ ಯಜಮಾನಿಗೆ ತಿಂಗಳಾ ಬರುವ ರೊಕ್ಕ, ಎಲ್ಲದರ ಅರ್ಜಿಯೂ ಅಲ್ಲೇ.

ಸೆಂಟರಿನವನು ಕೇಳುತ್ತಾನೆ, "ಮೊಬೈಲ್ ನಂಬರ್ ಹೇಳ್ರಿ."

"ನಂದ್ಯಾವ್ದು ಅಂತ ನೆನಪಿಲ್ಲೋ ಯಪ್ಪಾ. ಹ್ವಾದ ವಾರ ಮಗ ಸಿಮ್ ಬದಲ ಮಾಡ್ಯಾನ."

ಅವನು ಕಿಟಕಿಯಿಂದ ಕತ್ತು ಎತ್ತಿ ನಮ್ಮ ಬೋರ್ಡು ನೋಡಿ ಹತ್ತು ಅಂಕಿ ಹೊಡೆಯುತ್ತಾನೆ. ಇದು ಒಂದು ದಿನದ ಮಾತಲ್ಲ, ಹಲವಾರು ವರ್ಷಗಳ ಪದ್ಧತಿ. ಒಮ್ಮೆ ನಾನೇ ಹೋಗಿ ಅವನಿಗೆ ಕೇಳಿದ್ದೆ. "ಮಂದಿ ಸಿಮ್ ಮೂರು ತಿಂಗಳಿಗೊಮ್ಮೆ ಬದಲಾಗತಾವ್ರಿ ಸಾವ್ಕಾರ್ರ. ನಿಮ್ಮ ಬೋರ್ಡ್ ಬದಲಾಗಂಗಿಲ್ಲ" ಅಂದ. ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಖರೇ ಹೇಳಬೇಕೆಂದರೆ ನನಗೂ ಬೇಸರವಿರಲಿಲ್ಲ. ಅರ್ಜಿ ಯಾರದಾದರೂ ಇರಲಿ, ಆರಂಕಿಯ ಓಟಿಪಿ ನನ್ನ ಫೋನಿಗೆ ಬರುತ್ತದೆ. ಅದನ್ನು ಕೇಳಲು ಅವರು ಓಣಿ ದಾಟಿ ನನ್ನ ಅಂಗಡಿ ಮೆಟ್ಟಿಲು ಹತ್ತಬೇಕು. ನಾನು ಒಂದೇ ನಿಯಮ ಇಟ್ಟಿದ್ದೆ: "ಬರಿಗೈಲೆ ಬಂದವರಿಗೆ ಓಟಿಪಿ ಇಲ್ಲ." ಪಾವು ಕಿಲೋ ಹೆಸರಾದರೂ ಒಯ್ಯಲಿ. ಮಂದಿ ತಿಳಿದುಕೊಂಡು ಚೀಲ ಹಿಡಿದೇ ಬರುತ್ತಿದ್ದರು.

ಒಂದು ದಿನ ಹೂ ಮಾರುವ ಹೆಣ್ಣುಮಗಳು ಬಂದಳು.

"ಸಾವ್ಕಾರ್ರ, ನಂದೊಂದು ಓಟಿಪಿ ಬಂದೈತೇನ್ರಿ?"

"ಮುಂಜಾನಿಂದ ಐದು ಬಂದಾವು. ನಿಂದ್ಯಾವ್ದು?"

ಆಕೆ ಚೀಲದೊಳಗಿನ ಕಾಳು ನೋಡಿದ ಹಾಗೆ ಫೋನಿನೊಳಗೆ ಇಣುಕಿ ನೋಡಿದಳು. ಮುಖ ಸೊಟ್ಟ ಮಾಡಿದಳು.

"ಹಳೇವು ಬ್ಯಾಡ್ರಿ. ಈಗ ಬಂದಿದ್ದು, ಛಲೋದು ನೋಡಿ ಒಂದು ಕೊಡ್ರಿ."

೨. ಬೋರಲು ಬಿದ್ದ ಮೊರ

ಒಂದು ಮುಂಜಾನೆ ಅಂಗಡಿ ಬಾಗಿಲಿಗೆ ಊದಿನಕಡ್ಡಿ ಬೆಳಗುತ್ತಿದ್ದೆ. ಫೋನು ಟುಣ್ ಅಂದಿತು. ತೆಗೆದು ನೋಡಿದೆ. ನಿಮ್ಮ ಕುಟುಂಬದ ಯಜಮಾನರು ತೆರಿಗೆ ಪಾವತಿದಾರರೆಂದು ಕಂಡುಬಂದಿರುವುದರಿಂದ ನಿಮಗೆ ದೊರೆಯುತ್ತಿರುವ ಸೌಲಭ್ಯವನ್ನು ತಡೆಹಿಡಿಯಲಾಗಿದೆ.

ತೆರಿಗೆ ಕಟ್ಟುತ್ತೇನೆ, ಹೌದು. ಆದರೆ ಸೌಲಭ್ಯ? ಸರಕಾರದಿಂದ ನನಗೆ ಈತನಕ ಬಂದ ಸೌಲಭ್ಯವೆಂದರೆ ಅಂಗಡಿ ಮುಂದಿನ ಗಟಾರದ ಮೇಲೆ ಹಾಕಿದ ಒಂದು ಕಲ್ಲು. ಅದನ್ನು ತಡೆಹಿಡಿದರೇನೋ ಅಂತ ಹೊರಗೆ ಬಂದು ನೋಡಿದೆ. ಕಲ್ಲು ಇತ್ತು.

ಊದಿನಕಡ್ಡಿ ಉರಿದು ಮುಗಿಯುವುದರೊಳಗೆ ಅದೇ ಸಂದೇಶ ಇಪ್ಪತ್ತೊಂಬತ್ತು ಸಲ ಬಂತು. ನಮ್ಮ ತೆರಿಗೆ ಕಾಗದ ನೋಡುವ ಆಡಿಟರ್ ಸಾಹೇಬರಿಗೆ ಫೋನು ಮಾಡಿದೆ.

"ಈಗ ಕಚೇರಿ ಕಚೇರಿ ಮಾತಾಡಾಕತ್ತಾವ್ರಿ" ಅಂದರು. "ಪಿಂಚಣಿ, ರೇಷನ್ ಕೊಡೋರು ತಮ್ಮ ಮಂದಿ ಹೆಸರಿನ ಯಾದಿ ಟ್ಯಾಕ್ಸಿನವರಿಗೆ ಕೊಡ್ತಾರ. ಟ್ಯಾಕ್ಸಿನವರು ತಮ್ಮದು ಇವರಿಗೆ ಕೊಡ್ತಾರ. ಯಾರ ಮನ್ಯಾಗ ಟ್ಯಾಕ್ಸ್ ಕಟ್ಟೋರು ಅದಾರ, ಆ ಮನಿಗೆ ಎಲ್ಲಾ ಬಂದ್."

"ಅಲ್ರಿ, ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ನನ್ನದೊಂದು ಕಾಗದ ಹೋಗಾಕ ಮೂರು ವರ್ಷ ಹಿಡದಿತ್ತು!"

"ಅದು ನಿಮ್ಮ ಕಾಗದ. ನಡಕೋತ ಹೋಗ್ತಿತ್ತು. ಇದು ನಿಮ್ಮ ಸುದ್ದಿ ರೀ. ಸುದ್ದಿ ಹಾರಿ ಹೋಗತೈತಿ."

ನನಗೆ ಅರ್ಧ ತಿಳಿಯಿತು. ಉಳಿದ ಅರ್ಧ ಮಧ್ಯಾಹ್ನ ಅಜ್ಜಿಯ ರೂಪದಲ್ಲಿ ಬಂತು.

ನಮ್ಮ ಅಂಗಡಿಯಲ್ಲಿ ಕಾಳು ಹಸನು ಮಾಡುವ ಅಜ್ಜಿಯೊಬ್ಬಳಿದ್ದಾಳೆ. ಅಜ್ಜಿ ಅಂತ ಎಲ್ಲರೂ ಕರೆಯುತ್ತಾರೆ ಅಂತ ನಾನೂ ಕರೆಯುತ್ತೇನೆ, ಖರೇ ನೋಡಿದರೆ ನನಗಿಂತ ನಾಲ್ಕೇ ವರ್ಷ ದೊಡ್ಡವಳು. ಕಲ್ಲು, ಹೊಟ್ಟು, ಹುಳುಕು ತೆಗೆಯುವುದರಲ್ಲಿ ಆಕೆಯ ಕೈಗೆ ಈ ಬಜಾರಿನಲ್ಲಿ ಸಮ ಇಲ್ಲ. ಗಿರಾಕಿಗಳು "ಅಜ್ಜಿ ಹಸನು ಮಾಡಿದ್ದು ಕೊಡ್ರಿ" ಅಂತಲೇ ಕೇಳುತ್ತಾರೆ. ಗಂಡ ಹಮಾಲಿ ಮಾಡುತ್ತಿದ್ದ, ತೀರಿಕೊಂಡ. ವಿಧವಾ ಪಿಂಚಣಿ ಬರುತ್ತಿತ್ತು, ಅದರಲ್ಲಿ ಆಕೆಯ ಬಿಪಿ ಗುಳಿಗೆ, ಮನೆ ಬಾಡಿಗೆ ನಡೆಯುತ್ತಿತ್ತು. ಅರ್ಜಿಯಲ್ಲಿ ಯಾರ ನಂಬರಿತ್ತು ಅಂತ ಹೇಳಬೇಕಾಗಿಲ್ಲ.

ಬ್ಯಾಂಕಿನಿಂದ ನೇರ ಬಂದು ಗಾದಿ ಮುಂದೆ ನಿಂತಳು.

"ಸಾವ್ಕಾರ್ರ, ನನ್ನ ಪಿಂಚಣಿ ನೀವು ತಿಂದೀರಂತ."

"ಯಾರು ಹೇಳಿದ್ರು?"

"ಬ್ಯಾಂಕಿನಾಗ. ನಿಮ್ಮ ಮನ್ಯಾಗ ಟ್ಯಾಕ್ಸ್ ಕಟ್ಟೋ ಯಜಮಾನ ಅದಾನ ಅಂದ್ರು. ನನ್ನ ಯಜಮಾನ ಸತ್ತು ಹದಿನೆಂಟು ವರ್ಷ ಆತು, ಇದ್ದಾಗ ಬೀಡಿಗಿ ಬಿಟ್ರ ಯಾವುದಕ್ಕೂ ರೊಕ್ಕ ಕಟ್ಟಿದಾಂವ ಅಲ್ಲ ಅಂದೆ. ಹಂಗಾರ ಈ ನಂಬರ್ ಯಾರದು ಅಜ್ಜಿ ಅಂತ ಓದಿ ಹೇಳಿದ್ರು. ಬೋರ್ಡಿನ ನಂಬರ."

"ಹೋಗ್ಲಿ ಬಿಡು, ಅದು ಸರಿ ಆಗೂತನಕ ಆ ರೊಕ್ಕ ನಾ ಕೊಡ್ತೇನಿ."

ಅಜ್ಜಿಗೆ ಸಿಟ್ಟು ಬಂತು. "ಅದು ಗಂಡ ಸತ್ತದ್ದಕ್ಕ ಸರಕಾರ ಕೊಡೋದ್ರಿ. ನೀವು ಕೊಡಾಕ ಅವನ್ನ ನೀವು ಕೊಂದೀರೇನು?"

ಅಷ್ಟು ಹೇಳಿ ತನ್ನ ಮೊರ ಎತ್ತಿ ಬೋರಲು ಹಾಕಿದಳು.

ಕಾಳಿನ ವ್ಯಾಪಾರಿಗಳಿಗೆ ಇದರ ಅರ್ಥ ಗೊತ್ತು, ಉಳಿದವರಿಗೆ ಹೇಳುತ್ತೇನೆ. ಹಸನು ಮಾಡುವವಳು ಮೊರ ಬೋರಲು ಹಾಕಿದಳೆಂದರೆ ಅಂಗಡಿಯಲ್ಲಿ ಹಸನು ನಿಂತಿತು. ಆ ಮೊರವನ್ನು ಮತ್ತೊಬ್ಬರು ಮುಟ್ಟುವಂತಿಲ್ಲ, ಆಕೆಯೇ ಅಂಗಾತ ಮಾಡಬೇಕು. ಬಾಗಿಲಲ್ಲಿ ಬೋರಲು ಮೊರ ಕಂಡರೆ ಹಳೆಯ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ.

"ಪಿಂಚಣಿ ಬರೂತನಕ ಇದು ಹಿಂಗ" ಅಂತ ಅಜ್ಜಿ ಅದರ ಪಕ್ಕದಲ್ಲೇ ಕೂತು ಎಲೆ-ಅಡಿಕೆ ತೆಗೆದಳು. ಕೆಲಸ ಬಿಟ್ಟಿದ್ದಳು, ಹಾಜರಿ ಬಿಟ್ಟಿರಲಿಲ್ಲ. ಬಂದವರೆಲ್ಲ ಯಾಕಜ್ಜಿ ಅಂತ ಕೇಳುವುದು, ಆಕೆ ಹೇಳುವುದು. ಸಂಜೆಯೊಳಗೆ ಬಜಾರಿನ ತುಂಬ ನಾನು ಪಿಂಚಣಿ ತಿಂದ ಸಾವ್ಕಾರ.

ಒಬ್ಬ ಹಳೆಯ ಗಿರಾಕಿ ಮಾತ್ರ ನನ್ನ ಪಕ್ಷ ವಹಿಸಿದ. ಹೆಗಲ ಮೇಲೆ ಕೈ ಇಟ್ಟು, "ಮನಸಿಗೆ ಹಚ್ಚಿಕೋಬ್ಯಾಡ್ರಿ ಸಾವ್ಕಾರ್ರ, ವ್ಯಾಪಾರ ಅಂದ ಮ್ಯಾಲ ಏನೇನೋ ತಿನ್ನಬೇಕಾಗತೈತಿ" ಅಂದ.

೩. ಇತರೆ

ಮರುದಿನ ನಮ್ಮ ಭಾಗದ ಕಚೇರಿಗೆ ಹೋದೆ. ಕೌಂಟರಿನ ಮೇಡಂ ಒಳ್ಳೆಯವರು. ನನ್ನ ನಂಬರು ಹೊಡೆದು, ತೆರೆ ಮೇಲೆ ಬಂದದ್ದನ್ನು ನೋಡಿ ಹುಬ್ಬೇರಿಸಿದರು.

"ನಿಮ್ಮದು ಭಾಳ ದೊಡ್ಡ ಮನೆತನ್ರಿ. ಮೂವತ್ತೊಂದು ಮಂದಿ."

"ನಮ್ಮ ಮನ್ಯಾಗ ಇರೋದು ಇಬ್ಬರ್ರಿ. ನಾನು, ನಮ್ಮ ಮನಿಯಾಕಿ. ಮಗಳು ಮದುವಿ ಆಗಿ ಧಾರವಾಡದಾಗ ಲಕಮನಹಳ್ಳಿ ಕಡೆ ಅದಾಳ."

"ಎಲ್ಲಾರ ನಂಬರೂ ಒಂದ ಐತ್ರಿ. ಒಂದ ನಂಬರ್ ಇದ್ದವರನ್ನ ಕಂಪ್ಯೂಟರ್ ಒಂದ ಮನಿ ಅಂತ ಹಿಡದೈತಿ. ಆ ನಂಬರ್ ಟ್ಯಾಕ್ಸಿನವರ ಯಾದ್ಯಾಗ ನಿಮ್ಮ ಹೆಸರಿಗೆ ಸಿಕ್ಕೈತಿ. ಅದಕ್ಕ ನಿಮ್ಮನ್ನ ಯಜಮಾನ್ರು ಮಾಡೈತಿ."

"ನನ್ನ ಒಂದು ಮಾತು ಕೇಳಲಾರದ?"

"ಯಾವ ಮನ್ಯಾಗ ಯಜಮಾನ್ರನ್ನ ಕೇಳ್ತಾರ್ರಿ" ಅಂದರು ಮೇಡಂ. ಅವರೂ ಸಂಸಾರಸ್ಥರು.

ಯಾದಿ ಓದಿದೆ. ಹೂ ಮಾರುವವಳಿದ್ದಳು. ಚಹಾದಂಗಡಿಯವನಿದ್ದ. ಹೊಲಿಗೆಯವನ ಹೆಂಡತಿ ಇದ್ದಳು. ಶಿರಗುಪ್ಪಿಯಿಂದ ನನಗೆ ಕಡ್ಲಿ ತರುವ ರೈತನೂ ಇದ್ದ. ಅಂದರೆ ನನ್ನ ಮನೆಯ ಒಬ್ಬ ಸದಸ್ಯ ದಿನಾ ಬಸ್ಸು ಹಿಡಿದು ತನ್ನ ಊರಿಗೆ ಹೋಗಿ ಮಲಗುತ್ತಿದ್ದ. ಪ್ರತಿ ಹೆಸರಿನ ಮುಂದೆ ಸಂಬಂಧ ಅನ್ನುವ ಜಾಗದಲ್ಲಿ ಇತರೆ, ಇತರೆ, ಇತರೆ. ನನ್ನ ಹೆಂಡತಿಯ ಹೆಸರಿನ ಮುಂದೆಯೂ ಇತರೆ.

"ಇದು ಇತರೆ ಅಂದ್ರ ಏನ್ರಿ ಮೇಡಂ?"

ಮೇಡಂ ಚಷ್ಮಾದ ಮೇಲಿನಿಂದ ನನ್ನನ್ನು ನೋಡಿದರು. "ಅದನ್ನ ನೀವ ಹೇಳಬೇಕ್ರಿ. ಇಷ್ಟು ಮಂದಿ ಹೆಣ್ಮಕ್ಕಳು ಅದಾರ."

ಹಿಂದಿನ ಸರತಿ ಸಾಲು ಒಂದು ಹೆಜ್ಜೆ ಮುಂದೆ ಬಂತು.

ಕಟ್ಟಕಡೆಯ ಹೆಸರನ್ನು ಮಾತ್ರ ಎರಡು ಸಲ ಓದಿದೆ. ಸೆಂಟರಿನ ಮಗ್ಗುಲಿಗಿರುವ ನಮ್ಮ ಎದುರಂಗಡಿಯ ಒಣಮೆಣಸಿನಕಾಯಿ ವ್ಯಾಪಾರಿ! ಮೂವತ್ತು ವರ್ಷದಿಂದ ನಾವಿಬ್ಬರೂ ಜಗಳವಾಡಲಿಕ್ಕೆ ಬಿಟ್ಟರೆ ಮಾತಾಡಿದವರಲ್ಲ. ಅವನಿಗೆ ಎರಡು ಕಾರು. ಅಂಥವನ ಹೆಸರಿಗೆ ಬಡವರ ರೇಷನ್ ಕಾರ್ಡು, ಅದೂ ನನ್ನ ನಂಬರಿನ ಮೇಲೆ.

ಮರಳಿ ಬಂದವನೇ ಸೀದಾ ಅವನ ಅಂಗಡಿಗೆ ಹೋದೆ.

"ನಾಚಿಕಿ ಬರಂಗಿಲ್ಲೇನು ನಿನಗ? ನನ್ನ ನಂಬರ್ ಕೊಟ್ಟಿ!"

ಅವನು ನನಗಿಂತ ಹೆಚ್ಚು ಸಿಟ್ಟಿನಲ್ಲಿದ್ದ. "ನಿನ್ನ ನಂಬಿ ನಾ ಕೆಟ್ಟೆ! ನೀ ಟ್ಯಾಕ್ಸ್ ಕಟ್ತೀ ಅಂತ ಯಾರಿಗೆ ಗೊತ್ತಿತ್ತು? ಮೂವತ್ತು ವರ್ಷ ವ್ಯಾಪಾರ ಇಲ್ಲ, ವ್ಯಾಪಾರ ಇಲ್ಲ ಅಂತ ಅಳಕೋತ ಕುಂತಿದ್ದಿಯಲ್ಲೋ!"

೪. ಒಂದೇ ಒಲೆ

ನಾನು ಅರ್ಜಿ ಕೊಟ್ಟಿದ್ದೆ: ಇವರಾರೂ ನನ್ನ ಮನೆಯವರಲ್ಲ. ಅದನ್ನು ತಪಾಸಣೆ ಮಾಡಲು ಒಬ್ಬ ಸಾಹೇಬರು ಬರುತ್ತಾರೆ ಅಂತ ತಿಳಿಸಿದರು. ಯಾವಾಗ ಅಂತ ತಿಳಿಸಲಿಲ್ಲ.

ಅವರು ಬಂದದ್ದು ಸರಿಯಾಗಿ ಬರಬಾರದ ಹೊತ್ತಿಗೆ. ಅಂದು ಮಧ್ಯಾಹ್ನ ಓಣಿಯ ಇಪ್ಪತ್ತು ಮಂದಿ ನಮ್ಮ ರೊಕ್ಕ ಎಲ್ಲಿ ಅಂತ ಕೇಳಲು ನನ್ನ ಅಂಗಡಿಯಲ್ಲೇ ನೆರೆದಿದ್ದರು. ಜಗಳಕ್ಕೆ ಬಂದವರಿಗೆ ಮೊದಲು ತಿನ್ನಲು ಕೊಡಬೇಕು, ಬಾಯಿ ತುಂಬಿದವರು ಬೈಯುವುದಿಲ್ಲ. ಇದು ನನ್ನ ತಂದೆಯವರು ಕಲಿಸಿದ್ದು. ಮನೆಗೆ ಹೇಳಿ ಕಳಿಸಿದೆ. ನನ್ನ ಹೆಂಡತಿ ದೊಡ್ಡ ಪಾತೇಲಿ ತುಂಬ ಚುರುಮುರಿಯ ಗಿರ್ಮಿಟ್ ಕಲಸಿ ತಾನೇ ತಂದಳು. ತಂದು ಇಡುತ್ತಾ ನನಗಷ್ಟೇ ಕೇಳುವ ಹಾಗೆ, "ಮಿಕ್ಸರಿನ ಮುಚ್ಚಳಕ್ಕ ಹಗ್ಗಾ ಕಟ್ಟಿ ಖಾರಾ ರುಬ್ಬೋದು ಇದು ಕಡೀ ಸಲ. ಹೊಸದು ತರ್ರಿ ಅಂತ ಎಷ್ಟು ವರ್ಷ ಹೇಳ್ಲಿ?" ಅಂದಳು. ಹಗ್ಗ ಗಟ್ಟಿ ಇದೆಯಲ್ಲ ಅಂದೆ ನಾನು.

ಎಲ್ಲರೂ ಕಾಳಿನ ಚೀಲಗಳ ಮೇಲೆ ಕೂತು, ಒಂದೇ ಪಾತೇಲಿಯಿಂದ ತಿನ್ನುತ್ತಿರುವಾಗ ಸಾಹೇಬರು ಮೆಟ್ಟಿಲು ಹತ್ತಿದರು. ಕೈಯಲ್ಲಿ ಯಾದಿ.

"ಒಲಿ ಒಂದ ಏನ್ರಿ?" ಅಂದರು.

"ಏನ್ರಿ?"

"ಒಂದ ಒಲಿ ಮ್ಯಾಲಿನ ಅಡಿಗಿ ಉಂಡವರು ಒಂದ ಮನಿ. ನಮ್ಮ ನಿಯಮ. ಈ ಗಿರ್ಮಿಟ್ ಎಲ್ಲಿ ಮಾಡಿದ್ದು?"

"ನಮ್ಮ ಮನ್ಯಾಗ್ರಿ, ಆದ್ರ..."

ಸಾಹೇಬರು ಬರೆದುಕೊಂಡರು. ನಾನು ತಿಳಿಸಿ ಹೇಳಲು ಬಾಯಿ ತೆರೆಯುವುದರೊಳಗೆ ಹೂವಿನವಳು, "ಕಾಕಾ, ಇನ್ನಷ್ಟು ಉಳ್ಳಾಗಡ್ಡಿ ಐತೇನ್ರಿ?" ಅಂದಳು. ಸಾಹೇಬರು, "ಕಾಕಾ? ಅಣ್ಣನ ಮಗಳು" ಅಂತ ಬರೆದರು. ಹೊಲಿಗೆಯವನ ಹೆಂಡತಿ ಅವರ ಮುಂದೆ ನನ್ನ ಮರ್ಯಾದೆ ಉಳಿಸಲು ಹೋಗಿ, "ನಮ್ಮ ಅಣ್ಣಾರು ದೇವರಂಥವರ್ರಿ" ಅಂದಳು. ತಂಗಿ. ಚಹಾದವನು ಮಾವಾರ ಅಂದ. ಅಳಿಯ. ನಮ್ಮ ಕಡೆ ಹೆಸರು ಹಿಡಿದು ಯಾರು ಕರೆಯುತ್ತಾರೆ? ಕರೆಯುವವರಿದ್ದರೆ ಅವತ್ತು ನಾನು ಬದುಕುತ್ತಿದ್ದೆ.

ಎದುರಂಗಡಿಯವನು ತನ್ನ ಗಾದಿಯಿಂದಲೇ ಕೂಗಿದ, "ಏನಣ್ಣಾ, ಮನ್ಯಾಗ ಲಗ್ನ ಐತೇನು? ನನಗೊಂದು ಪ್ಲೇಟ್ ಕಳಸು!" ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ನನ್ನನ್ನು ಅಣ್ಣಾ ಅಂದದ್ದು. ಸಾಹೇಬರು ತಮ್ಮ ಅಂತ ಬರೆದರು.

ಉಳಿದದ್ದು ಅಜ್ಜಿ. ಆಕೆಗೆ ನಾನು ಕಣ್ಣು ಸನ್ನೆ ಮಾಡಿದೆ. ಪಿಂಚಣಿ ಆಕೆಯದೇ, ಜಾಣೆ, ಸರಿಯಾಗಿ ಹೇಳುತ್ತಾಳೆ ಅಂತ ನಂಬಿದ್ದೆ.

"ಅಜ್ಜಿ, ಇವರು ನಿನಗೇನಾಗಬೇಕು?"

ಅಜ್ಜಿ ಬಾಯಿಯೊಳಗಿನ ಗಿರ್ಮಿಟ್ ನುಂಗಿದಳು. ನಾಲ್ಕು ದಿನದಿಂದ ನನ್ನನ್ನು ಬೈದವಳು, ಹೊರಗಿನವನೊಬ್ಬ ಕೇಳಿದೊಡನೆ ಸೆರಗು ಸರಿ ಮಾಡಿಕೊಂಡು, "ಹೊಟ್ಟೀಲೆ ಹುಟ್ಟಿದ ಮಗ ಇದ್ದಂಗ್ರಿ" ಅಂದಳು.

"ಇದ್ದಂಗ ಅನ್ನಾಕ ಇದ್ರಾಗ ಜಾಗ ಇಲ್ಲ" ಅಂದ ಸಾಹೇಬರು ಮಗ ಅಂತ ಬರೆದುಕೊಂಡು ಹೋದರು. ತಾಯಿಗೆ ಅರವತ್ತೆಂಟು, ಮಗನಿಗೆ ಅರವತ್ನಾಲ್ಕು. ಕಂಪ್ಯೂಟರು ಅದಕ್ಕೆ ಏನೂ ತಕರಾರು ಮಾಡಲಿಲ್ಲವಂತೆ.

೫. ವಾಟ್ನಿ

"ಈಗ ಒಂದ ದಾರಿ ಉಳದೈತಿ" ಅಂದರು ಮೇಡಂ, ವರದಿ ಓದಿ ಮುಗಿಸಿ. "ಎಲ್ಲಾರೂ ಬ್ಯಾರೆ ಆಗ್ರಿ."

"ಕೂಡಿದ್ದರ ಅಲ್ಲೇನ್ರಿ ಬ್ಯಾರೆ ಆಗೋದು?"

"ವರದಿ ಪ್ರಕಾರ ಕೂಡೀರಿ. ಬ್ಯಾರೆ ಆಗ್ತೇವಿ ಅಂತ ಅವರು ಅರ್ಜಿ ಹಾಕಬೇಕು. ಯಜಮಾನ್ರಾಗಿ ನೀವು ಒಪ್ಪಿಗಿ ಕೊಡಬೇಕು. ನಿಮ್ಮ ನಂಬರಿಗೆ ಓಟಿಪಿ ಬರತೈತಿ. ಮತ್ತ ಇನ್ನ ಮ್ಯಾಲೆ ಅವರ್ಯಾರೂ ನಿಮ್ಮ ನಂಬರ್ ಕೊಡಬಾರದು, ಬ್ಯಾರೆ ನಂಬರ್ ಕೊಡಬೇಕು."

"ನಾ ಯಜಮಾನ ಅಲ್ಲ ಅಂತ ಹೇಳಾಕ ಯಜಮಾನ ಅಂತ ಸಹಿ ಮಾಡಬೇಕೇನ್ರಿ?"

"ಯಜಮಾನ್ರು ಅಲ್ಲದವರು ಹೆಂಗ್ರಿ ಒಪ್ಪಿಗಿ ಕೊಡೋದು?"

ಇಲ್ಲಿಯೇ ನೋಡಿ, ಪ್ರತಿ ಸಲ ಹೇಳುವಾಗ ನನಗೆ ತಿಳಿಯದಂತಾಗುವ ಜಾಗ. ಮುಂದೆ ಹೋಗೋಣ.

ನಮ್ಮ ಕಡೆ ವಾಟ್ನಿ ಅಂದರೆ, ಮನೆ ಪಾಲಾಗುವುದೆಂದರೆ, ಸಣ್ಣ ಸಂಗತಿಯಲ್ಲ. ಹಿರಿಯರು ಕೂಡಬೇಕು, ಗದ್ದಲ ಆಗಬೇಕು, ಒಬ್ಬಳು ಅಳಬೇಕು, ಒಂದು ತಾಮ್ರದ ಹಂಡೆಯ ಸಲುವಾಗಿ ಅಣ್ಣ-ತಮ್ಮ ಎರಡು ವರ್ಷ ಮಾತು ಬಿಡಬೇಕು. ಹೊಲ ಇಲ್ಲದ, ಮನೆ ಇಲ್ಲದ, ಹಂಡೆಯೂ ಇಲ್ಲದ ವಾಟ್ನಿ ನಾನು ನೋಡಿದ್ದು ಅದೇ ಮೊದಲು. ಆನ್‌ಲೈನ್ ಸೆಂಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಒಬ್ಬೊಬ್ಬರ ಅರ್ಜಿ ಹೋಗುವುದು, ಓಟಿಪಿ ಬರುವುದು, ನಾನು ಓದಿ ಹೇಳುವುದು. ಕಡೆಕಡೆಗೆ ಹೇಳಿ ಹೇಳಿ ಗಂಟಲು ಒಣಗಿತು.

ಎದುರಂಗಡಿಯವನೂ ಸಾಲಿನಲ್ಲಿದ್ದ. ರೇಷನ್ ಕಾರ್ಡು ತಾನಾಗಿಯೇ ಮರಳಿ ಕೊಟ್ಟಿದ್ದ. ಕಚೇರಿಗಳು ಮಾತಾಡಲು ಕಲಿತಿವೆ ಅಂತ ತಿಳಿದ ಮೇಲೆ ಅವನ ಎರಡೂ ಕಾರು ಮನೆಯಿಂದ ಹೊರಗೇ ಬಂದಿರಲಿಲ್ಲ. ಅವನ ಓಟಿಪಿ ಓದಿದೆ.

"ಆತಲ್ಲ, ನೀ ಬ್ಯಾರೆ. ನಡಿ ಇನ್ನ."

"ನಡಿ ಅಂದ್ರ? ತಮ್ಮ ಅಂತ ಸರಕಾರ ಬರದೈತಿ. ವಾಟ್ನಿ ಆದ ಮ್ಯಾಲ ಅಂಗಡ್ಯಾಗ ಅರ್ಧ ಪಾಲು ಯಾರು ಕೊಡ್ತಾರ, ನಿಮ್ಮಪ್ಪ?"

"ಅವನಪ್ಪ ಅಲ್ಲೋ" ಅಂದಳು ಅಜ್ಜಿ, ಸಾಲಿನ ಹಿಂದಿನಿಂದ. "ಬರದದ್ದರ ಪ್ರಕಾರ ಅವನ ಅವ್ವ ನಾನು. ನನ್ನ ಜೀವ ಇರೂತನಕ ಪಾಲು ಮಾಡಂಗಿಲ್ಲ, ಹೋಗು."

ಸೆಂಟರಿನವನು ಕಂಪ್ಯೂಟರ್ ಮುಚ್ಚುತ್ತಾ, "ಮುಗೀತ್ರಿ ಸಾವ್ಕಾರ್ರ. ಮೂವತ್ತು ಮಂದಿ ಬ್ಯಾರೆ ಆದ್ರು" ಅಂದ. ನಾನು ಸಮಾಧಾನದಿಂದ ಮನೆಗೆ ಹೊರಟೆ. ನಲವತ್ತು ವರ್ಷ ತೂಕ ಹಾಕಿದವನು, ಬೇರೆ ಆಗಬೇಕಾದವರು ಇಪ್ಪತ್ತೊಂಬತ್ತು ಮಂದಿ ಅನ್ನುವುದನ್ನು ಅಂದು ಎಣಿಸಲಿಲ್ಲ.

೬. ಆರನೆಯ ಅಂಕಿ

ಮನೆಯಲ್ಲಿ ಹೆಂಡತಿ ತನ್ನ ಫೋನು ಹಿಡಿದು ಕೂತಿದ್ದಳು. ಮಗಳು ಕೊಡಿಸಿದ ಫೋನು.

"ಸೆಂಟರಿನಾಂವ ನನ್ನ ನಂಬರ್ ಕೇಳಿದ್ದ, ಕೊಟ್ಟಿದ್ದೆ. ಈಗ ಇದು ಬಂದೈತಿ ನೋಡ್ರಿ" ಅಂತ ಓದಿದಳು. "ತಾವು ಪ್ರತ್ಯೇಕ ಕುಟುಂಬದ ಯಜಮಾನಿಯಾಗಿ ನೋಂದಾಯಿಸಲ್ಪಟ್ಟಿದ್ದೀರಿ."

ಆಕೆಯ ಕೈಯಿಂದ ಫೋನು ಇಸಿದುಕೊಂಡು ನೋಡಿದೆ. "ಅದು ತಪ್ಪಿ ಆಗೈತಿ..."

"ಮೂವತ್ತೆಂಟು ವರ್ಷ ಈ ಮನ್ಯಾಗ ದುಡದೇನಿ. ಯಜಮಾನಿ ಅಂತ ಯಾರರ ಬರದು ಕೊಟ್ಟಿದ್ದು ಇದ ಮೊದಲು. ಮತ್ತ ಒಪ್ಪಿಗಿ ಕೊಟ್ಟವರು ನೀವ ಅಂತಲ್ಲ?"

ಮರುದಿನ ಕಚೇರಿಗೆ ಓಡಿದೆ. ಮೇಡಂ ತೆರೆ ನೋಡಿ ಹಣೆ ಹಿಡಿದುಕೊಂಡರು. "ನಿಮ್ಮ ಮನ್ಯಾಗ ಈಗ ನೀವೊಬ್ಬರ. ನಿಮ್ಮ ಮನಿಯವರದು ಬ್ಯಾರೆ ಮನಿ, ವಿಳಾಸ ಮಾತ್ರ ಒಂದ. ಟ್ಯಾಕ್ಸ್ ತಪ್ಪಸಾಕ ಗಂಡ-ಹೆಂಡ್ತಿ ಬ್ಯಾರೆ ಆಗ್ಯಾರ ಅಂತ ಕಂಪ್ಯೂಟರ್ ಇಡೀ ಕಡತ ಕೆಂಪು ಮಾಡೈತಿ."

"ಆದ್ರ ಅಜ್ಜಿ ಪಿಂಚಣಿ?"

"ಈ ಕಡತ ಮುಚ್ಚೂತನಕ ಯಾರದೂ ಬಿಡಂಗಿಲ್ರಿ. ನಿಮ್ಮ ಮನಿಯವರು ಮತ್ತ ನಿಮ್ಮ ಮನಿಗೆ ಬರಾಕ ಒಪ್ಪಬೇಕು. ಅವರ ನಂಬರಿಗೆ ಓಟಿಪಿ ಕಳಸೇನಿ. ಫೋನ್ ಮಾಡಿ ಕೇಳ್ರಿ, ಈಗ ಹೊಡೀತೇನಿ."

ಅಂದರೆ ಅಜ್ಜಿಯ ಪಿಂಚಣಿ, ನನ್ನ ಅಂಗಡಿಯ ಮೊರ, ಇಪ್ಪತ್ತೆಂಟು ಮಂದಿಯ ಬೈಗುಳ ಎಲ್ಲಾ ಕೂಡಿ ನನ್ನ ಹೆಂಡತಿಯ ಫೋನಿನಲ್ಲಿ ಆರಂಕಿಯಾಗಿ ಕೂತಿತ್ತು. ಗದ್ದಲದಲ್ಲಿ ಕೇಳಿಸಲಿ ಅಂತ ಫೋನಿನ ಸ್ಪೀಕರ್ ಹಾಕಿದೆ. ಅದೊಂದು ತಪ್ಪು.

"ಓಟಿಪಿ ಬಂದೈತೇನು?"

"ಬಂದೈತ್ರಿ."

"ಹೇಳು ಲಗೂ."

"ಬರಿಗೈಲೆ ಕೇಳಾಕತ್ತೀರಲ್ಲ?" ಅಂದಳು ನನ್ನ ಹೆಂಡತಿ. "ಬರಿಗೈಲೆ ಬಂದವರಿಗೆ ಓಟಿಪಿ ಇಲ್ಲ ಅಂತ ಅಂಗಡ್ಯಾಗ ನಿಯಮ ಐತಂತಲ್ಲ?"

ಸರತಿ ಸಾಲು ಈ ಸಲ ಎರಡು ಹೆಜ್ಜೆ ಮುಂದೆ ಬಂತು. ಮೇಡಂ ಕೀಬೋರ್ಡಿನ ಮೇಲೆ ಬೆರಳು ಇಟ್ಟುಕೊಂಡು ಕೆಳಗೆ ನೋಡತೊಡಗಿದರು.

"ಏನು ಬೇಕು?" ಅಂದೆ ಸಣ್ಣ ದನಿಯಲ್ಲಿ.

"ಮಿಕ್ಸರ್."

"ಆತು, ಸಂಜಿಗೆ ತರ್ತೇನಿ. ಹೇಳು."

ಆಕೆ ಒಂದೊಂದಾಗಿ ಹೇಳಿದಳು. ನಾನು ಕೂಗಿದೆ, ಮೇಡಂ ಹೊಡೆದರು. ಒಂದು, ಎರಡು, ಮೂರು, ನಾಲ್ಕು, ಐದು ಅಂಕಿ ಆದವು. ಆಮೇಲೆ ಸುಮ್ಮನಾದಳು.

"ಆರನೇದು?"

"ಅದು ಮಿಕ್ಸರ್ ಬಿಲ್ಲಿನ ಫೋಟೋ ಬಂದ ಮ್ಯಾಲ."

"ಅಲ್ಲೇ, ಅಜ್ಜಿ ಪಿಂಚಣಿ ನಿಂತೈತಿ! ಆಕಿ ಮ್ಯಾಲರ ಕರುಣಾ ಇರಲಿ!"

ಫೋನಿನಲ್ಲಿ ಇನ್ನೊಂದು ದನಿ ಕೇಳಿತು. ಕೆಲಸವಿಲ್ಲದ ಅಜ್ಜಿ ಹೊತ್ತು ಹೋಗದೆ ನಮ್ಮ ಮನೆಗೇ ಹೋಗಿ ಕೂತಿದ್ದಳು. "ಕೊಡಬ್ಯಾಡ್ರಿ ಅಕ್ಕಾರ" ಅನ್ನುತ್ತಿದ್ದಳು, "ನನ್ನ ಪಿಂಚಣಿ ಹತ್ತು ನಿಮಿಷ ತಡಾ ಆದ್ರ ಏನಾಗಂಗಿಲ್ಲ. ಇವತ್ತು ಬಿಟ್ರ ಇವರು ಜನ್ಮಕ್ಕ ಮಿಕ್ಸರ್ ತರಂಗಿಲ್ಲ. ನಲವತ್ತು ವರ್ಷ ನೋಡೇನಿ ನಾನು."

ಸಾಲಿನಲ್ಲಿದ್ದ ಹೆಣ್ಣುಮಕ್ಕಳೆಲ್ಲ ನಕ್ಕರು. ಮೇಡಂ ನಗು ತಡೆದುಕೊಂಡು ಗಡಿಯಾರ ನೋಡಿದರು.

"ಓಟಿಪಿ ಹತ್ತು ನಿಮಿಷ ಇರತೈತ್ರಿ ಯಜಮಾನ್ರ. ಎರಡು ನಿಮಿಷ ಆತು. ಮಿಕ್ಸರ್ ಅಂಗಡಿ ರಸ್ತೆ ಆ ಕಡೆ ಐತಿ. ಓಡ್ರಿ."

ಓಡಿದೆ. ಅರವತ್ನಾಲ್ಕರ ವಯಸ್ಸಿನಲ್ಲಿ, ಧೋತರ ಎತ್ತಿ ಹಿಡಿದು. ನನ್ನ ಜೀವನದಲ್ಲಿ ಚೌಕಾಸಿ ಮಾಡದೆ ಕೊಂಡ ವಸ್ತು ಅದೊಂದೇ. ಬಿಲ್ಲಿನ ಫೋಟೋ ಹೋಯಿತು, ಆರನೆಯ ಅಂಕಿ ಬಂತು, ಮಿಕ್ಸರಿನ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು ನನ್ನ ಹೆಂಡತಿಯನ್ನು ನನ್ನ ಮನೆಗೆ ಮರಳಿ ಸೇರಿಸಿಕೊಂಡೆ. ಕಡತ ಮುಚ್ಚಿತು.

ಮುಂದಿನ ವಾರ ಒಂದು ಮುಂಜಾನೆ ಅಂಗಡಿಗೆ ಹೋದರೆ ಮೊರ ಅಂಗಾತ ಇತ್ತು. ಅಜ್ಜಿ ತೊಗರಿ ಕೇರುತ್ತಾ ಕೂತಿದ್ದಳು.

"ಪಿಂಚಣಿ ಬಂತೇನಜ್ಜಿ?"

"ಬಂತ್ರಿ. ನಿನ್ನೆ ಮೆಸೇಜ್ ಬಂತು."

ನಾನು ನನ್ನ ಫೋನು ತೆಗೆದು ನೋಡಿದೆ. ಏನೂ ಬಂದಿರಲಿಲ್ಲ. ನೆಮ್ಮದಿಯಾಯಿತು. "ಛಲೋ ಆತು. ಹಂಗಾರ ಈಗ ನಿಂದ ಸ್ವಂತ ನಂಬರ್ ಐತಿ."

"ನಂದೆಲ್ಲಿ ಬಂತ್ರಿ? ಬೋರ್ಡಿನ ನಂಬರ್ ಬ್ಯಾಡ, ಬ್ಯಾರೆ ನಂಬರ್ ಕೊಡ್ರಿ ಅಂದ್ರು. ಅಕ್ಕಾರ ನಂಬರ್ ಕೊಟ್ಟೆ."

"ನನ್ನ ಹೆಂಡ್ತಿದು?"

"ನಾ ಒಬ್ಬಾಕೆ ಅಲ್ರಿ, ಓಣ್ಯಾಗ ಎಲ್ಲಾರೂ ಅದ ಕೊಟ್ಟೇವಿ." ಅಜ್ಜಿ ಮೊರ ಒಂದು ಸಲ ಜೋರಾಗಿ ಕೇರಿ, ನನ್ನ ದಡ್ಡತನಕ್ಕೆ ಮರುಗಿದವಳ ಹಾಗೆ ನೋಡಿದಳು. "ಈ ಸಲ ವಿಚಾರ ಮಾಡೇ ಕೊಟ್ಟೇವ್ರಿ ಸಾವ್ಕಾರ್ರ. ಅಕ್ಕಾರೇನು ಟ್ಯಾಕ್ಸ್ ಕಟ್ಟಂಗಿಲ್ಲಲ್ಲ!"